‘ಗೆಟ್’ ಆದ ಮೇಲೆ ಏನು ಬರುತ್ತದೆ ನೋಡು

ಪ್ರಶ್ನೆ: ಮೇಡಂ, ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಇಂಗ್ಲಿಷಿನ ‘ಗೆಟ್’ ಅಂದರೆ ‘ಪಡೆ’ ಅಂತ ಶಾಲೆಯಲ್ಲಿ ಕಲಿತೆ. ಈಗ ನೋಡಿದರೆ ಗೆಟ್ ವೆಟ್, ಗೆಟ್ ಹೋಮ್, ಗೆಟ್ ಇಟ್ ರಿಪೇರ್ಡ್ ಅಂತ ಎಲ್ಲ ಕಡೆ ಅದೇ. ಎಷ್ಟು ಅರ್ಥ ಬಾಯಿಪಾಠ ಮಾಡಲಿ?
– ವಿದ್ಯಾರ್ಥಿನಿ, ಶಹಾಪುರ

ಉತ್ತರ: ಬಾಯಿಪಾಠ ಬೇಡ ತಂಗಿ. ‘ಗೆಟ್’ ಆದ ಮೇಲೆ ಏನು ಬರುತ್ತದೆ ಅಂತ ನೋಡು, ಸಾಕು. ವಸ್ತು ಬಂದರೆ ‘ಸಿಗು’: ‘ಐ ಗಾಟ್ ಎ ಸೀಟ್’, ಸೀಟು ಸಿಕ್ಕಿತು. ಗುಣ ಹೇಳುವ ಪದ ಬಂದರೆ ‘ಆಗು’: ಗೆಟ್ ವೆಟ್, ಒದ್ದೆಯಾಗು. ಊರು ಬಂದರೆ ‘ಮುಟ್ಟು’: ‘ವಿ ಗಾಟ್ ಟು ಶಹಾಪುರ್’. ಹೋಮ್, ಹಿಯರ್, ದೇರ್ ಬಂದಾಗ ಮಾತ್ರ ನಡುವೆ ‘ಟು’ ಬೇಡ.

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದೂ ಬೇಕು. ಕಲಬುರಗಿಯಲ್ಲಿ ಬಸ್ ಹತ್ತುವುದು ಗೆಟ್ ಆನ್, ಜೇವರ್ಗಿಯಲ್ಲಿ ಇಳಿಯುವುದು ಗೆಟ್ ಆಫ್. ರೈಲು, ಬೈಕಿಗೂ ಹಾಗೇ. ಕಾರಿಗೆ ಗೆಟ್ ಇನ್, ಗೆಟ್ ಔಟ್. ನಮ್ಮ ಕಡೆ ಎಲ್ಲದಕ್ಕೂ ‘ಗೆಟ್ ಡೌನ್’ ಅನ್ನುತ್ತಾರೆ. ಇಲ್ಲಿ ತಿಳಿಯುತ್ತದೆ, ಆದರೆ ಇಂಟರ್‌ವ್ಯೂನಲ್ಲಿ ‘ಗೆಟ್ ಆಫ್’ ಅನ್ನು.

ನಾನು ಪಾಠದಲ್ಲಿ ಜಾಸ್ತಿ ಹೊತ್ತು ಕೊಡುವುದು ನಿನ್ನ ಮೂರನೇ ಉದಾಹರಣೆಗೆ. ‘ಐ ಸ್ಟಿಚ್ಡ್ ಎ ಬ್ಲೌಸ್’ ಅಂದರೆ ನೀನೇ ಮಷಿನ್ ಮುಂದೆ ಕೂತು ಹೊಲಿದೆ ಅಂತ. ಟೇಲರ್‌ಗೆ ಕೊಟ್ಟಿದ್ದರೆ ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ಕನ್ನಡದಲ್ಲಿ ‘ಹೊಲಿದೆ’, ‘ಹೊಲಿಸಿದೆ’ ಎರಡನ್ನೂ ಚಿಕ್ಕ ಮಕ್ಕಳೂ ಬೆರೆಸುವುದಿಲ್ಲ, ಅಲ್ವಾ? ಆ ‘ಇಸು’ ಬಂದ ಕಡೆ ಇಂಗ್ಲಿಷಿನಲ್ಲಿ ‘ಗೆಟ್’ ಇಡು. ಗಿರಣಿಯಲ್ಲಿ ಜೋಳ ಬೀಸಿಸಿದೆ, ಮೊಬೈಲ್ ರಿಪೇರಿ ಮಾಡಿಸಿದೆ, ಕಟಿಂಗ್ ಮಾಡಿಸಿಕೊಂಡೆ, ಎಲ್ಲ ಇದೇ ಸಾಲಿನವು. ಪದಗಳ ಸಾಲು ಮಾತ್ರ ತಪ್ಪಬಾರದು. ಮೊದಲು ಗಾಟ್, ನಡುವೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ.

ಯಾರ ಕೈಲಿ ಮಾಡಿಸಿದೆ ಅಂತ ಹೇಳಬೇಕಾದರೆ ‘ಟು’ ಸೇರುತ್ತದೆ, ಕ್ರಿಯಾಪದ ಮೊದಲ ರೂಪದಲ್ಲೇ ಉಳಿಯುತ್ತದೆ. ಅಣ್ಣನ ಕೈಲಿ ಫಾರ್ಮ್ ತುಂಬಿಸಿದೆ: ‘ಐ ಗಾಟ್ ಮೈ ಬ್ರದರ್ ಟು ಫಿಲ್ ಇನ್ ದ ಫಾರ್ಮ್’. ಇವತ್ತು ಮನೆಯಲ್ಲಿ ಮಾಡಿಸಿದ ಕೆಲಸಗಳನ್ನೇ ಹೀಗೆ ಬರೆದು ನೋಡು. ಸುಮ್ನೆ ಪುಸ್ತಕದ ವಾಕ್ಯ ನಕಲು ಮಾಡಬೇಡ.

ಸಿನಿಮಾದಲ್ಲಿ ‘ಗಾಟನ್’ ಕೇಳಿದರೆ ಗಾಬರಿ ಬೇಡ, ಅದು ಅಮೆರಿಕದವರ ಮೂರನೇ ರೂಪ. ನೀನು ಪರೀಕ್ಷೆಯಲ್ಲಿ ಗೆಟ್, ಗಾಟ್, ಗಾಟ್ ಅಂತಲೇ ಬರೆ.