ಇಲಿಯ ನರನೋವು ಶಮನವಾಯಿತು ಎಂದರೆ ಏನರ್ಥ?

ಪ್ರಶ್ನೆ: ಸರ್ಪಸುತ್ತು ವಾಸಿಯಾಗಿ ತಿಂಗಳುಗಳು ಕಳೆದರೂ ನಮ್ಮ ತಾಯಿಯವರ ಪಕ್ಕೆಯಲ್ಲಿ ಉರಿ ಉಳಿದುಕೊಂಡಿದೆ; ಮೈಮೇಲಿನ ಬಟ್ಟೆ ತಾಗಿದರೂ ಸಹಿಸಲಾರರು. ಹೊಸ ಸಂಯುಕ್ತವೊಂದು ಇಲಿಗಳಲ್ಲಿ ನರನೋವನ್ನು ನಿವಾರಿಸಿತೆಂದು ಓದಿದೆ. ಮಾತು ಬಾರದ ಇಲಿಯ ನೋವು ಕಡಿಮೆಯಾಯಿತೆಂದು ತಿಳಿಯುವುದು ಹೇಗೆ? ಆ ಔಷಧಕ್ಕಾಗಿ ನಾವು ಕಾಯಬಹುದೇ?

ಉತ್ತರ: ಹಗುರವಾದ ಸ್ಪರ್ಶವೂ ನೋವಾಗುವ ಈ ಸ್ಥಿತಿಯನ್ನೇ ಸಂಶೋಧಕರು ಇಲಿಯಲ್ಲಿ ಉಂಟುಮಾಡಿ ಅಳೆಯುತ್ತಾರೆ. 1988ರಲ್ಲಿ ಬೆನೆಟ್ ಮತ್ತು ಶೀ ವಿವರಿಸಿದ, ಇಂದಿಗೂ ಬಳಕೆಯಲ್ಲಿರುವ ವಿಧಾನದಲ್ಲಿ, ಅರಿವಳಿಕೆ ಕೊಟ್ಟ ಇಲಿಯ ತೊಡೆಯಲ್ಲಿರುವ ಸಯಾಟಿಕ್ ನರಕ್ಕೆ ನಾಲ್ಕು ಕಡೆ ಸಡಿಲವಾಗಿ ಹೊಲಿಗೆಯ ದಾರ ಕಟ್ಟುತ್ತಾರೆ. ನರವು ಊದಿಕೊಂಡು ದಾರದಡಿ ತಾನೇ ಬಿಗಿದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಇಲಿ ಆ ಪಾದವನ್ನು ನೆಲಕ್ಕೆ ಊರಲು ಹಿಂಜರಿಯತೊಡಗುತ್ತದೆ. ಕ್ಯಾನ್ಸರ್ ಔಷಧವಾದ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟು, ಇಲ್ಲವೇ ಮಧುಮೇಹ ಬರಿಸಿ ನರಕ್ಕೆ ಹಾನಿ ಮಾಡುವ ವಿಧಾನಗಳೂ ಇವೆ.

ಅಳೆಯುವ ಕ್ರಮ ಹೀಗಿದೆ. ತಂತಿ ಜಾಲರಿಯ ಮೇಲೆ ಇಲಿಯನ್ನು ಬಿಟ್ಟು, ಅದು ಓಡಾಟ ನಿಲ್ಲಿಸಿ ಶಾಂತವಾಗುವವರೆಗೆ ಕಾಯುತ್ತಾರೆ. ಬಳಿಕ ಕೆಳಗಿನಿಂದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ, ಅದು ತುಸು ಬಾಗುವವರೆಗೆ ಒತ್ತುತ್ತಾರೆ. ಒಂದೊಂದು ಎಳೆಯೂ ನಿಗದಿತ ಬಲಕ್ಕೆ ಮಾತ್ರ ಬಾಗುವುದರಿಂದ, ಯಾವ ಎಳೆಗೆ ಇಲಿ ಕಾಲು ಹಿಂತೆಗೆದುಕೊಂಡಿತೆಂಬುದು ಅಳತೆಯಾಗುತ್ತದೆ. ಆರೋಗ್ಯವಂತ ಇಲಿ ಸಾಮಾನ್ಯವಾಗಿ ಸುಮಾರು 15 ಗ್ರಾಂ ಬಲವನ್ನು ಸಹಿಸಿದರೆ, ನರ ಘಾಸಿಗೊಂಡ ಇಲಿ 4 ಗ್ರಾಂಗಿಂತ ಕಡಿಮೆ ಬಲಕ್ಕೇ ಪಾದವನ್ನು ಸೆಳೆದುಕೊಂಡು ಕೆಲವೊಮ್ಮೆ ನೆಕ್ಕಿಕೊಳ್ಳುತ್ತದೆ. ಸಂಯುಕ್ತವನ್ನು ಕೊಟ್ಟ ನಂತರ ಈ ಮಿತಿ ಮೇಲೇರಿದರೆ ನೋವು ತಗ್ಗಿತೆಂದು ವರದಿಯಾಗುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಕಾಲು ಸೆಳೆದುಕೊಳ್ಳುವುದು ಬಹುಮಟ್ಟಿಗೆ ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿವರ್ತನೆ. ನಿಮ್ಮ ತಾಯಿಯವರನ್ನು ಕಾಡುವ ಉರಿಯಾದರೋ ಯಾರೂ ಮುಟ್ಟದಿದ್ದಾಗಲೂ ಇರುತ್ತದೆ. ಮೇಲಾಗಿ, ಮಂಪರು ತರಿಸುವ ಅಥವಾ ಸ್ನಾಯುಗಳನ್ನು ಸಡಿಲಿಸುವ ಯಾವುದೇ ವಸ್ತುವನ್ನು ಕೊಟ್ಟರೂ ಇಲಿ ಕಾಲು ತೆಗೆಯದೆ ಕುಳಿತಿರಬಹುದು. ಆದಕಾರಣ ಅದೇ ಪ್ರಮಾಣದ ಮದ್ದು ಪಡೆದ ಇಲಿ ತಿರುಗುವ ದಂಡದ ಮೇಲೆ ಬೀಳದೆ ನಡೆಯಬಲ್ಲದೇ ಎಂದು ನೋಡಲೇಬೇಕು. ಯಾವ ಇಲಿಗೆ ಮದ್ದು, ಯಾವುದಕ್ಕೆ ಮದ್ದಿಲ್ಲದ ಬರಿಯ ದ್ರಾವಕ ಎಂಬುದು ಎಳೆ ಹಿಡಿದವರಿಗೆ ಗೊತ್ತಿರಬಾರದು. ಗ್ಯಾಬಾಪೆಂಟಿನ್‌ನಂಥ ಪರಿಚಿತ ಔಷಧವನ್ನು ಪಡೆದ ಗುಂಪೂ ಹೋಲಿಕೆಗೆ ಇರಬೇಕು.

ನಾನು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಪರೀಕ್ಷೆಗೆ. ಎರಡು ಕೋಣೆಗಳ ಪೆಟ್ಟಿಗೆಯಲ್ಲಿ ಒಂದು ಕೋಣೆಗೆ ಮದ್ದಿನ ಅನುಭವವನ್ನೂ ಮತ್ತೊಂದಕ್ಕೆ ಬರಿಯ ದ್ರಾವಕದ ಅನುಭವವನ್ನೂ ಜೋಡಿಸಿ, ಅನಂತರ ಇಲಿಯನ್ನು ಅದರ ಪಾಡಿಗೆ ಬಿಡುತ್ತಾರೆ. ಘಾಸಿಗೊಂಡ ಇಲಿ ಮದ್ದಿನ ಕೋಣೆಯಲ್ಲಿ ಹೆಚ್ಚು ಹೊತ್ತು ಕಳೆದು, ಆರೋಗ್ಯವಂತ ಇಲಿ ಅಂಥ ಒಲವನ್ನು ತೋರದಿದ್ದರೆ, ಆ ವಸ್ತು ಅಮಲಿನ ಸುಖವನ್ನಲ್ಲ, ನೋವಿನಿಂದ ಬಿಡುಗಡೆಯನ್ನು ಕೊಟ್ಟಿತೆಂದು ನಂಬಲು ಆಧಾರವಿದೆ. ನೀವು ಓದಿದ ಸಂಶೋಧನೆಯಲ್ಲಿ ಇಂಥ ಪರೀಕ್ಷೆ ನಡೆದಿದೆಯೇ ಎಂಬುದನ್ನು ಮೊದಲು ನೋಡಿ.

ಕಾಯುವ ವಿಚಾರದಲ್ಲಿ, ದಯವಿಟ್ಟು ಕಾಯಬೇಡಿ. ಸಬ್‌ಸ್ಟೆನ್ಸ್ ಪಿ ಎಂಬ ನರಸಂದೇಶವಾಹಕವನ್ನು ತಡೆಯುವ ಸಂಯುಕ್ತಗಳು ಪ್ರಾಣಿಗಳಲ್ಲಿ ದೊಡ್ಡ ಭರವಸೆ ಮೂಡಿಸಿ, ರೋಗಿಗಳ ನೋವಿನ ಮುಂದೆ ಸೋತವು. ಆ ವರ್ಗದ ಅಪ್ರೆಪಿಟೆಂಟ್ ಕೊನೆಗೆ ಕಿಮೋಥೆರಪಿಯ ವಾಂತಿ ತಡೆಯಲು ಬಳಕೆಗೆ ಬಂತು. ಗ್ಯಾಬಾಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ಇಲಿಗಳಲ್ಲೂ ಮನುಷ್ಯರಲ್ಲೂ ಫಲ ಕೊಟ್ಟಿವೆ, ಎಲ್ಲರಿಗೂ ಅಲ್ಲದಿದ್ದರೂ. ಇವುಗಳ ಜೊತೆಗೆ ಅಮಿಟ್ರಿಪ್ಟಿಲಿನ್, ಲಿಡೋಕೇನ್ ಪಟ್ಟಿಗಳೂ ಇಂದೇ ಲಭ್ಯವಿವೆ. ಒಂದು ಔಷಧದಿಂದ ಗುಣ ಕಾಣದಿದ್ದರೆ ಇನ್ನೊಂದರ ಬಗ್ಗೆ ವೈದ್ಯರನ್ನು ಕೇಳಿ. ಸೇವಿಸುತ್ತಿರುವುದನ್ನು ಮಾತ್ರ ಏಕಾಏಕಿ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ನೋವಿಗಾಗಿ ಮೂಕಪ್ರಾಣಿಗೆ ನೋವು ಕೊಡುವುದು ನ್ಯಾಯವೇ?

ಉತ್ತರ: ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಮೊದಲೇ ಕೇಳಬೇಕೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘಟನೆಯ 1983ರ ಮಾರ್ಗಸೂಚಿ ವಿಧಿಸುತ್ತದೆ: ನೋವು ಅತ್ಯಗತ್ಯವಾದಷ್ಟೇ ಇರಬೇಕು, ಅವಧಿ ಆದಷ್ಟು ಚಿಕ್ಕದಿರಬೇಕು, ಪ್ರಾಣಿಗಳ ಸಂಖ್ಯೆ ಕನಿಷ್ಠವಾಗಿರಬೇಕು. ನೈಲಾನ್ ಎಳೆಯ ಪರೀಕ್ಷೆಯಲ್ಲಿ ಇಲಿ ಕಾಲು ತೆಗೆದ ಕೂಡಲೇ ಒತ್ತಡ ನಿಲ್ಲುತ್ತದೆ. ದೀಪದ ಬಿಸಿಯನ್ನು ಪಾದಕ್ಕೆ ತಾಗಿಸಿ ನೋಡುವ ಶಾಖದ ಪರೀಕ್ಷೆಯಲ್ಲಿ ಇಲಿ ಕದಲದಿದ್ದರೂ ನಿಗದಿತ ಸೆಕೆಂಡುಗಳ ಬಳಿಕ ದೀಪ ಆರಬೇಕು, ಇಲ್ಲವಾದರೆ ಚರ್ಮ ಸುಟ್ಟೀತು. ಕೋಶಗಳಲ್ಲೇ ಉತ್ತರ ಸಿಗುವ ಪ್ರಶ್ನೆಗೆ ಪ್ರಾಣಿಯನ್ನು ಬಳಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ದೀರ್ಘಕಾಲದ ನರನೋವಿನಲ್ಲಿ ನರ, ಬೆನ್ನುಹುರಿ, ಮಿದುಳು, ರೋಗನಿರೋಧಕ ಕೋಶಗಳೆಲ್ಲವೂ ಒಟ್ಟಿಗೆ ಭಾಗಿಯಾಗುವುದರಿಂದ ಜೀವಂತ ಪ್ರಾಣಿಯನ್ನು ಪೂರ್ತಿಯಾಗಿ ಬಿಡಲು ಇನ್ನೂ ಸಾಧ್ಯವಾಗಿಲ್ಲ. ಹೋಲಿಕೆಯ ಗುಂಪಿಲ್ಲದೆ, ಯಾವ ಇಲಿಗೆ ಮದ್ದು ಎಂಬ ಗುಟ್ಟು ಕಾಯದೆ ನಡೆಸಿದ ಪ್ರಯೋಗವೇ ನನಗೆ ಹೆಚ್ಚು ಅನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಇಲಿ ಪಟ್ಟ ನೋವಿನಿಂದ ಯಾವ ರೋಗಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಇಂಥ ಪರೀಕ್ಷೆಗಳನ್ನು ಗಂಡು ಇಲಿಗಳ ಮೇಲೆಯೇ ಏಕೆ ಮಾಡುತ್ತಾರೆ?

ಉತ್ತರ: ಹೆಣ್ಣಿನ ಹಾರ್ಮೋನು ಚಕ್ರದಿಂದ ಅಳತೆ ಏರುಪೇರಾದೀತೆಂಬ ಭಾವನೆ ಬಹುಕಾಲ ಬೇರೂರಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆನ್ನುಹುರಿಯ ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳನ್ನು ತಡೆದಾಗ ಗಂಡು ಇಲಿಗಳ ಅತಿಸಂವೇದನೆ ತಗ್ಗಿತು, ಹೆಣ್ಣುಗಳಲ್ಲಿ ತಗ್ಗಲಿಲ್ಲ. ಗಂಡುಗಳಲ್ಲಷ್ಟೇ ಪರೀಕ್ಷಿಸಿದ್ದರೆ ಈ ಭೇದ ಯಾರಿಗೂ ಕಾಣುತ್ತಿರಲಿಲ್ಲ. ಎರಡೂ ಲಿಂಗಗಳ ಇಲಿಗಳನ್ನು ಬಳಸಿ ಎಂದು ಧನಸಹಾಯ ನೀಡುವ ಹಲವು ಸಂಸ್ಥೆಗಳು ಈಗ ಹೇಳುತ್ತಿವೆ.