ಬಡ್ತಿಗೆ ಅಸೆಸ್‌ಮೆಂಟ್ ಸೆಂಟರ್‌ಗೆ, ಅಂದರೆ ಕೆಲಸದಂಥ ಚಟುವಟಿಕೆಗಳನ್ನು ಮಾಡಿಸಿ ಅಳೆಯುವ ಪರೀಕ್ಷೆಗೆ, ಕರೆದಿದ್ದಾರೆ. ಯಾರಿಗೆ ಕೊಡಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಅಲ್ವಾ? ಹೋಗಬೇಕಾ?

ನಾನೂ ಹೀಗೇ ಅಂದುಕೊಂಡು ಹೋಗಿದ್ದೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ 11 ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ಗುಂಪು ಚರ್ಚೆ, ರೋಲ್ ಪ್ಲೇ ಎರಡೂ ಚೆನ್ನಾಗಿಯೇ ಆದವು. ಎಡವಿದ್ದು ಇನ್-ಬಾಸ್ಕೆಟ್‌ನಲ್ಲಿ.

ಇದರಲ್ಲಿ ಒಂದು ಫೈಲ್ ಕೊಡುತ್ತಾರೆ. ನೀವು ಹೊಸ ಮ್ಯಾನೇಜರ್, ಇವತ್ತು ಸೋಮವಾರ, ಹಿಂದಿನವರು ಬಿಟ್ಟುಹೋದ 22 ಪತ್ರ, ಒಂದು ಗಂಟೆ ಟೈಮು. ನಾನು ಮೇಲಿನ ಹಾಳೆ ತೆಗೆದೆ, ಓದಿದೆ, ಉತ್ತರ ಬರೆದೆ. ಆಮೇಲೆ ಎರಡನೆಯದು. ನಾಲ್ಕನೆಯದು ಒಬ್ಬ ಫೋರ್‌ಮನ್ ರಜೆ ಅರ್ಜಿ: ಮಗಳ ಮದುವೆ, ಗುರುವಾರದಿಂದ ಒಂದು ವಾರ. 'ಮಂಜೂರು' ಅಂತ ಬರೆದು ಸಹಿ ಹಾಕಿದೆ. 19ನೇ ಪತ್ರಕ್ಕೆ ಬಂದಾಗ ಉಳಿದದ್ದು ಆರು ನಿಮಿಷ. ಶುಕ್ರವಾರ ಗ್ರಾಹಕರು ತಪಾಸಣೆಗೆ ಬರುತ್ತಾರಂತೆ. ಅವರು ನೋಡಲಿರುವ ಯಂತ್ರ ಗೊತ್ತಿರುವುದು ಅದೇ ಫೋರ್‌ಮನ್‌ಗೆ ಮಾತ್ರ! ಮೊದಲೇ ಎಲ್ಲಾ ಹಾಳೆ ತಿರುವಿ ನೋಡಿದ್ದರೆ ರಜೆಯನ್ನೂ ಕೊಡಬಹುದಿತ್ತು, ಬುಧವಾರದೊಳಗೆ ಇನ್ನೊಬ್ಬರಿಗೆ ಕಲಿಸಿಕೊಡಿ ಅಂತಲೂ ಬರೆಯಬಹುದಿತ್ತು. ಆ ಪತ್ರಗಳನ್ನು ಬೇಕಂತಲೇ ಒಂದಕ್ಕೊಂದು ಗಂಟು ಹಾಕಿ ಇಟ್ಟಿರುತ್ತಾರೆ. ಸಾಲದ್ದಕ್ಕೆ ಒಂಬತ್ತು ಕಡೆ 'ನಾನೇ ನೋಡಿಕೊಳ್ಳುತ್ತೇನೆ' ಅಂತ ಬರೆದಿದ್ದೆ. ಶಾಪ್‌ಫ್ಲೋರ್‌ನಲ್ಲಿ ಈ ಗುಣಕ್ಕೇ ನನ್ನನ್ನು ಹೊಗಳುತ್ತಿದ್ದರು. ವರದಿಯಲ್ಲಿ ಮಾತ್ರ 'ಕೆಲಸ ಹಂಚುವುದಿಲ್ಲ' ಅಂತ ಬಂತು. ಆ ವರ್ಷ ಬಡ್ತಿ ಸಿಗಲಿಲ್ಲ.

ಹಾಗಾಗಿ 'ಮೊದಲೇ ತೀರ್ಮಾನ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾಸ್ ಒಬ್ಬರೇ ಕೂತು ಹೆಸರು ಬರೆಯುವ ಕಡೆ ಅದು ಸುಲಭ. ಇಲ್ಲಿ ಬೇರೆ ಬೇರೆ ಚಟುವಟಿಕೆಯಲ್ಲಿ ಬೇರೆ ಬೇರೆಯವರು ನೋಡಿ ಅಂಕ ಹಾಕುತ್ತಾರೆ, ಕೊನೆಗೆ ಒಟ್ಟಿಗೆ ಕೂತು ತಾಳೆ ನೋಡುತ್ತಾರೆ. ನಮ್ಮ ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ 5 ದಿನ ಮಾಡುವುದೂ ಇದನ್ನೇ ಅಲ್ವಾ? ಮನಶ್ಶಾಸ್ತ್ರಜ್ಞರು, ಗುಂಪು ಚಟುವಟಿಕೆಯ ಅಧಿಕಾರಿ, ಸಂದರ್ಶನದ ಅಧಿಕಾರಿ ಬೇರೆ ಬೇರೆಯಾಗಿ ನೋಡಿ, ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಕಂಪನಿಗಳಲ್ಲಿ ಇದು 1950ರ ದಶಕದಲ್ಲೇ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯಲ್ಲಿ ಶುರುವಾದದ್ದು.

ನೀವು ಕೇಳಬೇಕಾದದ್ದು ಬೇರೆ. ವರದಿ ನನ್ನ ಕೈಗೆ ಬರುತ್ತಾ? ಇದು ಬಡ್ತಿಗೆ ಮಾತ್ರವಾ, ತರಬೇತಿಗೂ ಬಳಸುತ್ತೀರಾ? ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ. ನನ್ನ ವರದಿ ಬೀರುವಿನಲ್ಲೇ ಇತ್ತು, ಮೂರು ಸಲ ಕೇಳಿದ ಮೇಲೆ ಕೊಟ್ಟರು. ಅದನ್ನು ಓದದೇ ಇದ್ದಿದ್ದರೆ ಮುಂದಿನ ಸಲವೂ ಮೇಲಿನ ಹಾಳೆಯಿಂದಲೇ ಶುರು ಮಾಡುತ್ತಿದ್ದೆ.

ಖಂಡಿತ ಹೋಗಿ. ಫೈಲ್ ಕೈಗೆ ಬಂದಾಗ ಪೆನ್ನು ಪಕ್ಕಕ್ಕಿಟ್ಟು 22ನೇ ಹಾಳೆವರೆಗೂ ಓದಿ.