ಮರಿಯ ತೂಕ: ತಳಿಯ ಗುಣವೆಷ್ಟು, ತಾಯಿಯ ಹಾಲಿನ ಪಾಲೆಷ್ಟು?

ಪ್ರಶ್ನೆ: ಒಂದೇ ಟಗರಿಗೆ ಹುಟ್ಟಿದ ಎರಡು ಗಂಡುಮರಿಗಳನ್ನು ಒಂದೇ ದಿನ ತೂಗಿದೆ. 100 ದಿನದ ಒಂಟಿ ಮರಿ 16 ಕಿಲೋ ಇತ್ತು, 80 ದಿನದ ಅವಳಿ ಮರಿ 12.6 ಕಿಲೋ. ಹುಟ್ಟಿದಾಗ ಮೊದಲನೆಯದು 3 ಕಿಲೋ, ಎರಡನೆಯದು 2.2 ಕಿಲೋ ಇದ್ದವು. ತಂದೆ ಒಂದೇ ಆಗಿಯೂ ಇಷ್ಟು ವ್ಯತ್ಯಾಸವೇಕೆ? ಬೀಜದ ಟಗರಿಗಾಗಿ ದೊಡ್ಡದನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ಈ ತೂಕವೊಂದನ್ನೇ ನೋಡಿ ದಯವಿಟ್ಟು ನಿರ್ಧರಿಸಬೇಡಿ. ಹುಟ್ಟಿದ ಮೇಲೆ ಗಳಿಸಿದ ತೂಕವನ್ನು ದಿನಗಳಿಂದ ಭಾಗಿಸಿ ನೋಡಿ: ಒಂಟಿ ಮರಿ 100 ದಿನದಲ್ಲಿ 13 ಕಿಲೋ, ಅವಳಿ ಮರಿ 80 ದಿನದಲ್ಲಿ 10.4 ಕಿಲೋ ಗಳಿಸಿದೆ. ಎರಡರದೂ ದಿನಕ್ಕೆ 130 ಗ್ರಾಂ. ಒಂಟಿ ಮರಿಗೆ ತಾಯಿಯ ಕೆಚ್ಚಲು ಪೂರ್ತಿ ಸಿಕ್ಕಿದೆ, ಅವಳಿ ಮರಿ ಹಾಲನ್ನು ಹಂಚಿಕೊಂಡೂ ಅಷ್ಟೇ ಬೆಳೆದಿದೆ. ನನಗಂತೂ ಎರಡನೆಯದರ ಮೇಲೆಯೇ ಹೆಚ್ಚು ಭರವಸೆ.

ತಂದೆಯ ವಂಶವಾಹಿಗಳಲ್ಲಿ ಅರ್ಧದಷ್ಟು ಮಾತ್ರ ಮರಿಗೆ ಬರುತ್ತವೆ, ಆ ಅರ್ಧವೂ ಮರಿಯಿಂದ ಮರಿಗೆ ಬೇರೆಯಾಗಿರುತ್ತದೆ. ಹಾಗಾಗಿ ಒಂದೇ ಟಗರಿನ ಮರಿಗಳೆಲ್ಲ ಒಂದೇ ಗುಣದವಾಗಿರಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಾಲು ಬಿಡಿಸುವ ವಯಸ್ಸಿನ ತೂಕದ ಅನುವಂಶೀಯತೆ ಸಾಮಾನ್ಯವಾಗಿ 0.1ರಿಂದ 0.3ರ ಆಸುಪಾಸಿನಲ್ಲಿರುತ್ತದೆ. ಎಂದರೆ, ಮರಿಗಳ ನಡುವೆ ಕಾಣುವ ತೂಕದ ವ್ಯತ್ಯಾಸದಲ್ಲಿ ಶೇ 10ರಿಂದ 30ರಷ್ಟು ಮಾತ್ರ ಅವು ಪಡೆದ ವಂಶವಾಹಿಗಳಿಂದ ಬಂದದ್ದು. ಉಳಿದದ್ದರಲ್ಲಿ ಬಹುಪಾಲು ತಾಯಿ, ಮೇವು, ಋತು ಹಾಗೂ ಆರೋಗ್ಯದ್ದು.

ತಾಯಿಯ ಪ್ರಭಾವ ಮರಿ ಹುಟ್ಟುವುದಕ್ಕೆ ಮೊದಲೇ ಶುರುವಾಗುತ್ತದೆ. ಸುಮಾರು 150 ದಿನಗಳ ಗಬ್ಬದಲ್ಲಿ ಭ್ರೂಣದ ತೂಕ ಮೂರನೇ ಎರಡು ಭಾಗಕ್ಕೂ ಹೆಚ್ಚು ಏರುವುದು ಕೊನೆಯ ಆರು ವಾರಗಳಲ್ಲಿ. ಆಗ ಮೇವು ಸಾಲದಿದ್ದರೆ ಮರಿ ಸಣ್ಣದಾಗುವುದಷ್ಟೇ ಅಲ್ಲ, ಕೆಚ್ಚಲೂ ಸರಿಯಾಗಿ ಇಳಿಯುವುದಿಲ್ಲ. ಕುರಿಯಲ್ಲಿ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗ ಮರಿಗೆ ದಾಟುವುದಿಲ್ಲವಾದ್ದರಿಂದ, ಹುಟ್ಟಿದ ಕೆಲವೇ ಗಂಟೆಗಳೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಸೇರಲೇಬೇಕು. ಚೊಚ್ಚಲ ಕುರಿಯ ಹಾಲು ಸಾಮಾನ್ಯವಾಗಿ ಕಡಿಮೆ. ಅದರ ಮರಿಯನ್ನು ಮೂರನೆಯ ಸೂಲಿನ ಕುರಿಯ ಮರಿಯೊಂದಿಗೆ ಹೋಲಿಸುವುದು ನ್ಯಾಯವಲ್ಲ. ಹೆಣ್ಣುಮರಿಗಿಂತ ಗಂಡುಮರಿ ಭಾರವಾಗಿರುವುದೂ ಸಹಜವೇ. ಜಂತುಹುಳು ಹತ್ತಿದ ಹಿಂಡಿನಲ್ಲಿ ಉತ್ತಮ ತಳಿಯ ಮರಿಯೂ ಸೊರಗುತ್ತದೆ.

ಹಾಗೆಂದು ತಳಿಯ ಆಯ್ಕೆ ವ್ಯರ್ಥವೆಂದು ಭಾವಿಸಬೇಡಿ. ಮೇವಿನಿಂದ ಬಂದ ಲಾಭ ಆ ಮರಿಗೇ ಮುಗಿಯುತ್ತದೆ, ಟಗರಿನ ಗುಣ ಮುಂದಿನ ಪೀಳಿಗೆಗೂ ಹೋಗುತ್ತದೆ. ಅದಕ್ಕಾಗಿಯೇ ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ಮೇವು ತಿಂದ ಮರಿಗಳನ್ನು ಮಾತ್ರ ಹೋಲಿಸಿ. ಹುಟ್ಟಿದ ದಿನ, ಒಂಟಿಯೋ ಅವಳಿಯೋ, ತಾಯಿಗೆ ಎಷ್ಟನೆಯ ಸೂಲು ಎಂಬುದನ್ನು ಬರೆದಿಡಿ. ಹಾಲು ಬಿಟ್ಟ ಮೇಲೆ ತಾಯಿಯ ಪ್ರಭಾವ ತಗ್ಗುತ್ತಾ ಮರಿಯ ಸ್ವಂತ ಗುಣ ಹೆಚ್ಚು ಸ್ಪಷ್ಟವಾಗುತ್ತದೆ. ಆದ್ದರಿಂದ ಎರಡನ್ನೂ ಉಳಿಸಿಕೊಂಡು, ಪ್ರತಿಯೊಂದಕ್ಕೂ ಆರು ತಿಂಗಳು ತುಂಬಿದ ದಿನ ಮತ್ತೆ ತೂಗಿ, ಆ ಬಳಿಕವೇ ಒಂದನ್ನು ಆರಿಸಿ.